ನೆಲಮಾಳಿಗೆಯ ನಕ್ಷೆ

(ಜಪಾನಿನ ಹಳೆಯ ಗಣಕ ಆಟಗಳ ಬಗ್ಗೆ ಒಂದು ಅಧ್ಯಯನ)

ಆಟವೆಂದರೆ ಕಾಲಹರಣವೆಂಬ ಮಾತು ನಮ್ಮಲ್ಲಿ ಬಹು ಹಿಂದಿನಿಂದಲೂ ಇದೆ. ಆದರೂ ಚೌಕಾಬಾರದ ಮನೆಗಳನ್ನು ಗೀಚದ ಜಗಲಿಯಾಗಲಿ, ಅಳಗುಳಿಮಣೆ ಇಲ್ಲದ ಅಟ್ಟವಾಗಲಿ ನಮ್ಮ ಹಳ್ಳಿಗಳಲ್ಲಿ ಅಪರೂಪ. ಪರಮಪದದ ಪಟದಲ್ಲಿ ಹಾವು ಏಣಿಗಳನ್ನಿಟ್ಟು ಪಾಪ ಪುಣ್ಯಗಳ ಪಾಠವನ್ನೇ ಹೇಳಿಕೊಟ್ಟ ಜನ ನಾವು. ಆದುದರಿಂದ ಒಂದು ಆಟವನ್ನು ಅಧ್ಯಯನದ ವಿಷಯವಾಗಿ ಎತ್ತಿಕೊಂಡುದಕ್ಕೆ ವಾಚಕರು ನನ್ನನ್ನು ಮನ್ನಿಸುವರೆಂದು ನಂಬಿದ್ದೇನೆ. ನಾನು ಹೇಳಹೊರಟಿರುವುದು ಜಪಾನಿನಲ್ಲಿ ಬೆಳೆದು ಹೆಸರಾದ ಒಂದು ಬಗೆಯ ಗಣಕ ಆಟವನ್ನು ಕುರಿತು. ನೆಲದೊಳಗಿನ ಕತ್ತಲೆಯ ಸುತ್ತುದಾರಿಗಳಲ್ಲಿ ಸಾಹಸಿಗಳ ಚಿಕ್ಕ ಗುಂಪೊಂದನ್ನು ನಡೆಸಿಕೊಂಡು ಹೋಗುವ ಆಟವಾದುದರಿಂದ ಇದನ್ನು 'ನೆಲಮಾಳಿಗೆಯ ಆಟ' ಎಂದು ಕರೆಯುತ್ತೇನೆ.

ಆಟದ ಸ್ವರೂಪ

ಆಟಗಾರನು ಮೊದಲು ಐದಾರು ಮಂದಿ ಸಾಹಸಿಗಳನ್ನು ತಾನೇ ಸೃಷ್ಟಿಸಿ ಹೆಸರಿಡಬೇಕು. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಗಾಯ ಮಾಯಿಸಬಲ್ಲ ಒಬ್ಬ ಪುರೋಹಿತ, ಪೆಟ್ಟಿಗೆಯ ಬೀಗ ಬಿಚ್ಚಬಲ್ಲ ಒಬ್ಬ ಕಳ್ಳ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಮೇಲೆ ಒಂದು ಊರು. ಅಲ್ಲಿ ಅಂಗಡಿ, ಛತ್ರ, ದೇಗುಲ. ಕೆಳಗೆ ಅಂತಸ್ತಿನ ಕೆಳಗೆ ಅಂತಸ್ತಾಗಿ ಇಳಿದುಹೋಗುವ ನೆಲಮಾಳಿಗೆ. ತೆರೆಯ ಮೇಲೆ ಕಾಣುವುದು ಕಣ್ಣ ಮುಂದಿನ ಗೋಡೆ, ಬಾಗಿಲು, ಕತ್ತಲೆ ಇಷ್ಟೇ. ಒಂದು ಸಲ ಗುಂಡಿಯೊತ್ತಿದರೆ ಒಂದು ಚೌಕದಷ್ಟು ಮುಂದಕ್ಕೆ. ಶತ್ರುಗಳು ಎದುರಾದಾಗ ಸರದಿಯ ಮೇಲೆ ಯುದ್ಧ. ಕೈಚಳಕಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಎಷ್ಟು ಹೊತ್ತು ಬೇಕಾದರೂ ಯೋಚಿಸಿ ಒಂದು ಹೆಜ್ಜೆ ಇಡಬಹುದು. ಗೆದ್ದವರಿಗೆ ಅನುಭವ, ಹಣ, ಆಯುಧ. ಬಲ ಹೆಚ್ಚಿದಂತೆ ಇನ್ನೂ ಕೆಳಕ್ಕೆ ಇಳಿಯುವುದು. ಹೊರಗಿನಿಂದ ನೋಡಿದರೆ ಆಟವೆಲ್ಲ ಇಷ್ಟೇ.

ಜಪಾನಿಗೆ ಬಂದ ಬಗೆ

ಈ ಆಟದ ತವರು ಜಪಾನಲ್ಲವೆಂಬುದು ಕುತೂಹಲದ ಸಂಗತಿ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಅದನ್ನು ಮೇಜಿನ ಸುತ್ತ ಕುಳಿತು, ಕಾಗದ ಪೆನ್ಸಿಲು ದಾಳಗಳನ್ನಿಟ್ಟುಕೊಂಡು ಆಡುತ್ತಿದ್ದರು. ಅದೇ ದಶಕದಲ್ಲಿ ಪ್ಲೇಟೋ ಎಂಬ ಗಣಕಜಾಲದಲ್ಲಿ ವಿದ್ಯಾರ್ಥಿಗಳು ಅದನ್ನು ಅನುಕರಿಸಿ ಆಟಗಳನ್ನು ಬರೆದರು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬ ಇಬ್ಬರು ಆಪಲ್ ಗಣಕಕ್ಕಾಗಿ ರಚಿಸಿದ 'ವಿಝರ್ಡ್ರಿ' ಪ್ರಕಟವಾಯಿತು. ಅದರಲ್ಲಿ ಹತ್ತು ಅಂತಸ್ತುಗಳು, ಅಂತಸ್ತೊಂದಕ್ಕೆ ಉದ್ದ 20 ಅಗಲ 20 ಚೌಕ; ಎಂದರೆ ಒಟ್ಟು 4000 ಚೌಕಗಳ ಲೋಕ. ತಳದಲ್ಲಿ ಅಡಗಿರುವ ಮಾಂತ್ರಿಕನ ಹೆಸರು ವೆರ್ಡ್ನಾ, ಅವನ ಮೇಲೆ ಸಾಹಸಿಗಳನ್ನು ಕಳುಹಿಸುವ ಅರಸನ ಹೆಸರು ಟ್ರೆಬಾರ್. ಇಬ್ಬರು ವಿದ್ಯಾರ್ಥಿಗಳ ಹೆಸರುಗಳನ್ನೇ ಇಂಗ್ಲಿಷಿನಲ್ಲಿ ತಿರುಗುಮುರುಗಾಗಿ ಬರೆದರೆ ಇವು ದೊರೆಯುತ್ತವೆ!

ಜಪಾನಿನಲ್ಲಿ ದಾರಿ ತೆರೆದವನು ಹೆಂಕ್ ರಾಜರ್ಸ್. ಹಾಲೆಂಡಿನಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ್ದ ಈತನು 1984ರಲ್ಲಿ 'ಬ್ಲ್ಯಾಕ್ ಆನಿಕ್ಸ್' ಎಂಬ ಆಟವನ್ನು ಅಲ್ಲಿನ ಗಣಕಗಳಿಗಾಗಿ ರಚಿಸಿದನು. ಇಂತಹ ಆಟವನ್ನು ಕಂಡರಿಯದ ಜನರಿಗೆ ಮೊದಮೊದಲು ಅದು ಅರ್ಥವೇ ಆಗಲಿಲ್ಲ. ಆತನೇ ಪತ್ರಿಕಾ ಕಚೇರಿಗಳಿಗೆ ಹೋಗಿ ಆಡಿ ತೋರಿಸಿದ ಮೇಲೆ ಬೇಡಿಕೆ ಹುಟ್ಟಿತು. 1985ರಲ್ಲಿ ಆಸ್ಕಿ ಎಂಬ ಸಂಸ್ಥೆಯು 'ವಿಝರ್ಡ್ರಿ'ಯನ್ನು ಜಪಾನೀ ಗಣಕಗಳಿಗೆ ತಂದಿತು. 1987ರಲ್ಲಿ ಅದು ಮನೆಮನೆಯ ಫ್ಯಾಮಿಕಾಮ್ ಯಂತ್ರಕ್ಕೂ ಬಂದಿತು. ಸುಯೆಮಿ ಜುನ್ ಬರೆದ ಭೂತಪಿಶಾಚಿಗಳ ಚಿತ್ರಗಳೂ ಹನೇದಾ ಕೆಂತಾರೋ ಅವರ ಸಂಗೀತವೂ ಅದಕ್ಕೆ ಹೊಸ ಗಾಂಭೀರ್ಯವನ್ನು ಕೊಟ್ಟವು.

ಗಾಂಭೀರ್ಯವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಮೆರಿಕದ ಮೂಲದಲ್ಲಿ ವಿನೋದ ಬಹಳವಿತ್ತು. ಅದರಲ್ಲಿ ಬರುವ ಒಂದು ಶ್ರೇಷ್ಠ ಕತ್ತಿಗೆ ಕ್ವಿಸಿನಾರ್ಟ್ ಎಂಬ ಹೆಸರು. ಅದು ಅಲ್ಲಿನ ಅಡುಗೆಮನೆಗಳಲ್ಲಿ ತರಕಾರಿ ಕತ್ತರಿಸುವ ಯಂತ್ರದ ಹೆಸರು! ಜಪಾನಿನ ಆಟಗಾರರಿಗೆ ಆ ಯಂತ್ರದ ಪರಿಚಯವಿರಲಿಲ್ಲ. ಅವರು ಅದನ್ನು ಯಾವುದೋ ಪುರಾತನ ಖಡ್ಗವೆಂದೇ ಭಾವಿಸಿ ಗೌರವಿಸಿದರು. ನಗೆಗೆಂದು ಹೇಳಿದ್ದನ್ನು ನಂಬಿ, ಆ ನಂಬಿಕೆಯಿಂದಲೇ ಮೂಲಕ್ಕಿಂತ ಗಂಭೀರವಾದುದನ್ನು ಕಟ್ಟಿಕೊಂಡರು. ಸಂಸ್ಕೃತಿಗಳ ಕೊಡುಕೊಳೆಯಲ್ಲಿ ಇಂತಹ ಫಲವತ್ತಾದ ತಪ್ಪುಗಳಿಗೂ ಸ್ಥಾನವಿದೆ.

ಈ ಬೇರಿನಿಂದ ಹಲವು ಕೊಂಬೆಗಳು ಒಡೆದವು. ಹೋರಿಇ ಯೂಜಿ 1983ರಲ್ಲಿ ಅಮೆರಿಕದ ಗಣಕ ಮೇಳವೊಂದಕ್ಕೆ ಹೋಗಿದ್ದಾಗ 'ವಿಝರ್ಡ್ರಿ'ಯನ್ನು ಕಂಡವರು. ಅವರು 1986ರಲ್ಲಿ ರಚಿಸಿದ 'ಡ್ರಾಗನ್ ಕ್ವೆಸ್ಟ್' ಚಿಕ್ಕ ಮಕ್ಕಳೂ ಆಡುವಂತೆ ಸರಳವಾಗಿತ್ತು. 1987ರಲ್ಲಿ ಬಂದ 'ಮೆಗಾಮಿ ತೆನ್ಸೆಇ'ಯಲ್ಲಿ ಎದುರಾದ ಭೂತಗಳೊಡನೆ ಮಾತನಾಡಿ ಅವನ್ನು ತಮ್ಮ ಕಡೆಗೆ ಒಲಿಸಿಕೊಳ್ಳಬಹುದಾಗಿತ್ತು. ಅದೇ ವರ್ಷದ 'ಫ್ಯಾಂಟಸಿ ಸ್ಟಾರ್'ನಲ್ಲಿ ನೆಲಮಾಳಿಗೆಯ ಗೋಡೆಗಳು ನಿಜವಾಗಿ ನಮ್ಮೆಡೆಗೆ ಸರಿದುಬರುವಂತೆ ಕಾಣುತ್ತಿದ್ದವು. 1993ರ 'ತೊರುನೇಕೋ' ಆಟದಲ್ಲಿ ಪ್ರತಿ ಸಲವೂ ದಾರಿಗಳೇ ಬದಲಾಗುತ್ತಿದ್ದವು. ಒಂದೊಂದನ್ನೂ ವಿವರಿಸಿದರೆ ಲೇಖನ ಬೆಳೆಯುತ್ತದೆ. ಇವೆಲ್ಲಕ್ಕೂ ಮೂಲವಾದ ಒಂದು ವಿದ್ಯೆಯನ್ನು ಮಾತ್ರ ಇಲ್ಲಿ ವಿಸ್ತರಿಸುತ್ತೇನೆ. ಅದು ನಕ್ಷೆ ಬರೆಯುವ ವಿದ್ಯೆ.

ನಕ್ಷೆ ಬರೆಯುವ ಕ್ರಮ

ಹಳೆಯ 'ವಿಝರ್ಡ್ರಿ' ಆಟಗಾರನಿಗೆ ನಕ್ಷೆಯನ್ನು ಕೊಡುವುದಿಲ್ಲ. ಅವನೇ ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ಇಳಿದ ಮೆಟ್ಟಿಲಿರುವ ಮೂಲೆಯನ್ನು ಸೊನ್ನೆಯೆಂದು ಇಟ್ಟುಕೊಂಡು, ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಎಣಿಸುತ್ತ ಹೋಗಬೇಕು. ಒಂದು ಹೆಜ್ಜೆ ಇಟ್ಟೊಡನೆ ಒಂದು ಚೌಕ ತುಂಬಬೇಕು. ಎಡಬಲದ ಗೋಡೆಗೆ ಗೆರೆ, ಬಾಗಿಲಿಗೆ ಗುರುತು, ನೋಡದೆ ಬಿಟ್ಟ ದಾರಿಗೆ ಪ್ರಶ್ನಾರ್ಥಕ ಚಿಹ್ನೆ. 'ಹತ್ತು ಹೆಜ್ಜೆ ನಡೆದು ಆಮೇಲೆ ಬರೆದರಾಯಿತು' ಎಂದುಕೊಂಡವನು ಕೆಟ್ಟಂತೆಯೇ.

ಇಷ್ಟು ಶ್ರದ್ಧೆಯಿದ್ದರೂ ಸಾಲದು. ಆಟವನ್ನು ಕಟ್ಟಿದವರು ನಕ್ಷೆಯನ್ನೇ ಸುಳ್ಳಾಗಿಸುವ ಉಪಾಯಗಳನ್ನು ಹೂಡಿದ್ದಾರೆ. ಕೆಲವು ಚೌಕಗಳ ಮೇಲೆ ಕಾಲಿಟ್ಟರೆ ನಮಗೆ ಅರಿವಾಗದಂತೆಯೇ ಮುಖ ಬೇರೆ ದಿಕ್ಕಿಗೆ ತಿರುಗುತ್ತದೆ. ಉತ್ತರಕ್ಕೆ ನಡೆಯುತ್ತಿದ್ದೇವೆಂದು ಬರೆದುಕೊಳ್ಳುತ್ತಿದ್ದರೆ ಹೋಗುತ್ತಿರುವುದು ಪಶ್ಚಿಮಕ್ಕೆ! ಕೆಲವು ಚೌಕಗಳು ಕ್ಷಣಾರ್ಧದಲ್ಲಿ ಬೇರೊಂದು ಮೂಲೆಗೆ ಎತ್ತಿಹಾಕುತ್ತವೆ. ಕೆಲವು ಬಾಗಿಲುಗಳು ಒಂದೇ ಕಡೆಯಿಂದ ತೆರೆಯುತ್ತವೆ. ಕೆಲವೆಡೆ ಯಾವ ದೀಪಮಂತ್ರಕ್ಕೂ ಕರಗದ ಕತ್ತಲೆ. ಅಂತಸ್ತಿನ ಪೂರ್ವದ ಅಂಚನ್ನು ದಾಟಿದರೆ ಪಶ್ಚಿಮದ ಅಂಚಿನಲ್ಲಿ ಹೊರಬರುತ್ತೇವೆ.

ಹಾಗಾದರೆ ತಪ್ಪನ್ನು ಕಂಡುಹಿಡಿಯುವುದು ಹೇಗೆ? ಮೊದಲನೆಯ ಉಪಾಯ ಹಿಂದಿರುಗಿ ಪರೀಕ್ಷಿಸುವುದು. ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಮರಳಿ, ನಕ್ಷೆಯಲ್ಲಿರುವ ಗೋಡೆ ಕಣ್ಣಿಗೂ ಕಾಣುವುದೇ ಎಂದು ನೋಡಬೇಕು. ಎರಡನೆಯದು 'ಡುಮಾಪಿಕ್' ಎಂಬ ಮಂತ್ರ. ಮಾಂತ್ರಿಕನು ಅದನ್ನು ಪ್ರಯೋಗಿಸಿದರೆ ಈಗ ಯಾವ ದಿಕ್ಕಿಗೆ ಮುಖ ಮಾಡಿದ್ದೇವೆ, ಮೆಟ್ಟಿಲಿನಿಂದ ಎಷ್ಟು ಪೂರ್ವಕ್ಕೆ, ಎಷ್ಟು ಉತ್ತರಕ್ಕೆ, ಎಷ್ಟು ಕೆಳಗೆ ಇದ್ದೇವೆ ಎಂಬುದು ತಿಳಿಯುತ್ತದೆ. ಆದರೆ ಮಂತ್ರಗಳಿಗೆ ಮಿತಿಯುಂಟು. ಇಲ್ಲಿ ಖರ್ಚು ಮಾಡಿದರೆ ಯುದ್ಧಕ್ಕೆ ಕಡಿಮೆಯಾಗುತ್ತದೆ. ಮೂರನೆಯ ಉಪಾಯ ಬಹು ಕಷ್ಟವಾದುದು. ಕಂಡದ್ದಕ್ಕೂ ಬರೆದದ್ದಕ್ಕೂ ವಿರೋಧ ಬಂದಾಗ, ತಾನು ಬರೆದದ್ದೇ ತಪ್ಪಿರಬಹುದೆಂದು ಒಪ್ಪಿಕೊಂಡು ರಬ್ಬರನ್ನು ಕೈಗೆ ತೆಗೆದುಕೊಳ್ಳುವುದು. ನಮ್ಮ ಇತಿಹಾಸದ ತರಗತಿಯಲ್ಲಿ ಶಾಸನದ ಸಾಕ್ಷ್ಯವೂ ಐತಿಹ್ಯವೂ ಹೊಂದದಿದ್ದಾಗ ಏನು ಮಾಡಬೇಕೆಂದು ಕಲಿತೆವೋ, ಅದೇ ಇದು.

ಹಿಂದಿರುಗುವ ವಿವೇಕ

ಅಭಿಮನ್ಯುವಿನ ಕಥೆಯನ್ನು ಅರಿಯದವರಾರು? ಚಕ್ರವ್ಯೂಹವನ್ನು ಹೊಗುವುದು ಅವನಿಗೆ ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಅವನಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ. ನೆಲಮಾಳಿಗೆಯ ಆಟದಲ್ಲಿ ಸೋಲುವವರೂ ಬಹುಮಟ್ಟಿಗೆ ಅವನಂತೆಯೇ ಸೋಲುತ್ತಾರೆ. ಗಾಯ ಮಾಯಿಸುವ ಮಂತ್ರಗಳು ಅರ್ಧ ಮುಗಿದಾಗಲೇ ಮೇಲಕ್ಕೆ ತಿರುಗಬೇಕು. ಏಕೆಂದರೆ ಮರಳುವ ದಾರಿಯಲ್ಲೂ ಅಷ್ಟೇ ಶತ್ರುಗಳಿರುತ್ತಾರೆ. 'ಇನ್ನೊಂದೇ ಬಾಗಿಲು ನೋಡಿಬಿಡೋಣ' ಎಂಬ ಆಸೆಯೇ ಅಲ್ಲಿನ ಅತಿ ಭಯಂಕರವಾದ ಪಿಶಾಚಿ.

ಸೋಲಿನ ಶಿಕ್ಷೆಯೂ ಕಠಿನ. 'ಡ್ರಾಗನ್ ಕ್ವೆಸ್ಟ್'ನಲ್ಲಿ ವೀರನು ಸತ್ತರೆ ಅರ್ಧ ಹಣ ಕಳೆದುಕೊಂಡು ಅರಸನೆದುರು ಮತ್ತೆ ಎದ್ದು ನಿಲ್ಲುತ್ತಾನೆ. 'ವಿಝರ್ಡ್ರಿ'ಯಲ್ಲಿ ಅಂತಹ ದಾಕ್ಷಿಣ್ಯವಿಲ್ಲ. ಸತ್ತವನನ್ನು ದೇಗುಲಕ್ಕೆ ಹೊತ್ತುತಂದು ಕಾಣಿಕೆ ಕೊಟ್ಟು ಬದುಕಿಸಬೇಕು. ಆ ಪ್ರಯತ್ನ ವಿಫಲವಾದರೆ ದೇಹ ಬೂದಿಯಾಗುತ್ತದೆ. ಎರಡನೆಯ ಸಲವೂ ವಿಫಲವಾದರೆ ಆ ಹೆಸರು ಪಟ್ಟಿಯಿಂದಲೇ ಅಳಿಯುತ್ತದೆ. ನಡೆದದ್ದೆಲ್ಲ ಕೂಡಲೇ ತಟ್ಟೆಯಲ್ಲಿ ದಾಖಲಾಗುವುದರಿಂದ 'ಆಗಲಿಲ್ಲವೆಂದುಕೊಳ್ಳೋಣ' ಎನ್ನುವಂತಿಲ್ಲ. ಆರು ಮಂದಿಯೂ ಕೆಳಗೆ ಬಿದ್ದರೆ ದೇಹಗಳು ಬಿದ್ದಲ್ಲಿಯೇ ಇರುತ್ತವೆ. ಊರಿನಲ್ಲಿ ಹೊಸ ಗುಂಪೊಂದನ್ನು ಕಟ್ಟಿ, ಅದನ್ನು ಮೊದಲಿನಿಂದ ಬೆಳೆಸಿ, ಅದೇ ಜಾಗಕ್ಕೆ ಕಳುಹಿಸಿ ಅವರನ್ನು ಹೊತ್ತುತರಬೇಕು. ಆ ಹೊಸಬರಿಗೆ ಬಲವಿಲ್ಲ, ಆಯುಧವಿಲ್ಲ. ಅವರಿಗಿರುವ ಒಂದೇ ಅನುಕೂಲವೆಂದರೆ ಹಿಂದಿನವರು ಬರೆದಿಟ್ಟ ನಕ್ಷೆ.

ಕಾಲಕ್ರಮದಲ್ಲಿ ಯಂತ್ರಗಳೇ ನಕ್ಷೆ ಬರೆಯತೊಡಗಿದುವು; ಪೆನ್ಸಿಲಿನ ಕೆಲಸ ತಪ್ಪಿತು. ಹೀಗಿರಲು 2007ರಲ್ಲಿ ಅಟ್ಲಸ್ ಸಂಸ್ಥೆಯು ನಿಂಟೆಂಡೋ ಡಿಎಸ್ ಎಂಬ ಎರಡು ತೆರೆಗಳ ಯಂತ್ರಕ್ಕಾಗಿ 'ಸೆಕಾಇಜು ನೋ ಮೆಇಕ್ಯೂ' ಎಂಬ ಆಟವನ್ನು ಹೊರತಂದಿತು. 'ವಿಶ್ವವೃಕ್ಷದ ಸುತ್ತುದಾರಿ' ಎಂದು ಇದರ ಅರ್ಥ. ಹೊರದೇಶಗಳಲ್ಲಿ ಇದು 'ಎಟ್ರಿಯನ್ ಒಡಿಸ್ಸಿ' ಎನಿಸಿಕೊಂಡಿತು. ನಿರ್ದೇಶಕರು ನಿಇನೋ ಕಝುಯಾ. ಮೇಲಿನ ತೆರೆಯಲ್ಲಿ ದಾರಿ. ಕೆಳಗಿನ ತೆರೆಯಲ್ಲಿ ಖಾಲಿ ಚೌಕುಳಿ, ಕೈಯಲ್ಲಿ ಒಂದು ಕಡ್ಡಿ. ನಕ್ಷೆ ಬರೆಯುವ ಕೆಲಸ ಮತ್ತೆ ಆಟಗಾರನ ಪಾಲಿಗೆ ಬಂದಿತು. ಆಟದ ಮೊದಲ ಪರೀಕ್ಷೆಯೇ ಮೊದಲನೆಯ ಅಂತಸ್ತಿನ ಒಂದು ಭಾಗದ ನಕ್ಷೆ ಬರೆದು ತೋರಿಸುವುದು. ಸಂಗೀತಗಾರರಾದ ಕೊಶಿರೋ ಯೂಝೋ ಅವರು 1980ರ ದಶಕದ ಗಣಕದ ನಾದವನ್ನೇ ಬಳಸಿ ರಾಗ ಹಾಕಿದರು. ಸುಲಭವಾದ ದಾರಿ ಸಿಕ್ಕ ಮೇಲೂ ಹಳೆಯ ಕಷ್ಟವನ್ನು ಜನ ಬಯಸಿ ತಂದುಕೊಂಡರೆಂದರೆ, ಆ ಕಷ್ಟದಲ್ಲಿ ಏನೋ ಸುಖವಿದ್ದಿರಬೇಕು.

ನಮ್ಮ ಅನುಭವ

ಈ ಆಟವು 2023ರಲ್ಲಿ ಸಾಮಾನ್ಯ ಗಣಕಗಳಿಗೂ ಬಂದಿತು. ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯ ಗೆಳೆಯನ ಬಳಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಶನಿವಾರ ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಆಡುತ್ತಿದ್ದೆವು. ಅವನು ನಡೆಸುವವನು, ನಾನು ಬರೆಯುವವನು. ತೆರೆಯ ಮೇಲೆ ಬರೆದ ನಕ್ಷೆಯನ್ನೇ ನಾನು ಪ್ರೌಢಶಾಲೆಯ ಕಾಲದ ಒಂದು ಗ್ರಾಫ್ ಪುಸ್ತಕಕ್ಕೂ ಇಳಿಸಿಕೊಳ್ಳುತ್ತಿದ್ದೆ. ಐವರ ಗುಂಪಿನಲ್ಲಿ ಮುಂದೆ ನಿಂತು ಗುರಾಣಿ ಹಿಡಿಯುವವನಿಗೆ ಅವನ ಹೆಸರು. ಹಿಂದೆ ನಿಂತು ಔಷಧ ಕೊಡುವವನಿಗೆ ನನ್ನದು.

ಅಲ್ಲಿ 'ಅರಿಯಾಡ್ನೆಯ ದಾರ' ಎಂಬ ವಸ್ತುವೊಂದನ್ನು ಅಂಗಡಿಯಲ್ಲಿ ಮಾರುತ್ತಾರೆ. ಎಲ್ಲಿದ್ದರೂ ಅದನ್ನು ಬಳಸಿದೊಡನೆ ಊರು ಸೇರಬಹುದು. ಗ್ರೀಕರ ಪುರಾಣದಲ್ಲಿ ಸುತ್ತುದಾರಿಯೊಳಗೆ ಹೊಕ್ಕ ಥೀಸಿಯಸನಿಗೆ ಹೊರಬರಲು ದಾರದುಂಡೆ ಕೊಟ್ಟವಳು ಅರಿಯಾಡ್ನೆ. ನಾಲ್ಕನೆಯ ಅಂತಸ್ತಿಗೆ ಇಳಿದ ರಾತ್ರಿ ಆ ದಾರವನ್ನು ಕೊಳ್ಳಲು ನಾವಿಬ್ಬರೂ ಮರೆತೆವು. ಮರೆತೆವೆಂದು ತಿಳಿದ ಮೇಲಾದರೂ ಮೆಟ್ಟಿಲ ಕಡೆ ತಿರುಗಬೇಕಾಗಿತ್ತು. ನಾನೇ "ಆ ಮೂಲೆಯೊಂದು ತುಂಬಿಬಿಟ್ರೆ ಪುಟ ಪೂರ್ತಿಯಾಗುತ್ತೆ ಕಣೋ" ಎಂದೆ. ಮೂಲೆ ತುಂಬಿತು, ಗುಂಪು ಉಳಿಯಲಿಲ್ಲ. ಎರಡು ಗಂಟೆಯ ಗಳಿಕೆ ಮಣ್ಣಾಯಿತು. ಆಗ ತೆರೆಯ ಮೇಲೆ ಒಂದು ಪ್ರಶ್ನೆ ಬಂದಿತು: ನಕ್ಷೆಯನ್ನಾದರೂ ಉಳಿಸಿಕೊಳ್ಳುವಿರಾ? ಈ ಸರಣಿಯ ಆಟಗಳಲ್ಲಿ ಹಾಗೊಂದು ಏರ್ಪಾಡಿದೆ. ಹಣ, ಆಯುಧ, ಅನುಭವ ಎಲ್ಲವೂ ಹೋದರೂ ಬರೆದ ದಾರಿಯನ್ನು ಮಾತ್ರ ಉಳಿಸಿಕೊಳ್ಳಬಹುದು. ನನ್ನ ಗೆಳೆಯ ನಕ್ಕು, "ದುಡ್ಡು ಹೋಯ್ತು, ದಾರಿ ಉಳೀತು ಬಿಡೋ" ಎಂದ.

ಆ ಮಾತನ್ನು ಅವನು ಆಟಕ್ಕಷ್ಟೇ ಹೇಳಿದ. ನನಗೆ ಬೇರೆಯೂ ಕೇಳಿಸಿತು. ನಮ್ಮಿಬ್ಬರ ಮನೆಗಳಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಮೊದಲನೆಯ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಒಂದು ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕೆಂದು ನಮಗೆ ಹೇಳುವವರಿರಲಿಲ್ಲ. ಮಾಡಿಸಿ ತರುವುದರೊಳಗೆ ಕೊನೆಯ ದಿನ ಕಳೆದಿತ್ತು. ಅಪ್ಪ, "ನಮಗೇನ್ ಗೊತ್ತಪ್ಪಾ ಅದೆಲ್ಲಾ, ನೀನೇ ಕೇಳ್ಕೊಂಡು ಮಾಡು" ಎಂದರು. ಅವರನ್ನು ದೂರಿ ಫಲವೇನು? ಅವರು ಆ ನೆಲಮಾಳಿಗೆಗೆ ಇಳಿದವರೇ ಅಲ್ಲ. ವಿದ್ಯಾವಂತರ ಮನೆಯ ಮಕ್ಕಳಿಗೆ ಅಣ್ಣನೋ ಚಿಕ್ಕಪ್ಪನೋ ಬರೆದಿಟ್ಟ ನಕ್ಷೆಯೊಂದು ಇರುತ್ತದೆ. ನಾವು ಒಂದೊಂದು ಗೋಡೆಯನ್ನೂ ಹಣೆ ತಗುಲಿಸಿಕೊಂಡೇ ಕಂಡುಹಿಡಿಯಬೇಕಾಯಿತು.

ಐದನೆಯ ಸೆಮಿಸ್ಟರಿನ ನಡುವೆ ನನ್ನ ಗೆಳೆಯನ ತಂದೆ ತೆಂಗಿನ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದರು. ಊರಿಗೆ ಹೋದ ಗೆಳೆಯ ಪರೀಕ್ಷೆಗೆ ಮರಳಲಿಲ್ಲ. ಲ್ಯಾಪ್‌ಟಾಪನ್ನು ಮಾರಿದ, ಈಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾನೆ. ನಮ್ಮ ಆಟ ಹನ್ನೊಂದನೆಯ ಅಂತಸ್ತಿನಲ್ಲಿ ನಿಂತಿತು. ಗ್ರಾಫ್ ಪುಸ್ತಕ ನನ್ನ ಬಳಿ ಉಳಿಯಿತು.

ಒಂದು ಭಾನುವಾರ ಫೋನಿನಲ್ಲಿ ಅವನು, "ಆ ಪುಸ್ತಕ ಇದೆಯೇನೋ, ಎಸೆದ್ಯಾ?" ಎಂದು ಕೇಳಿದ. ಇದೆ ಎಂದೆ. ಅನಂತರ ಬಹಳ ಹೊತ್ತು ಆ ಪುಸ್ತಕವನ್ನು ತಿರುವುತ್ತ ಕುಳಿತೆ. ಹಿಂಭಾಗದಲ್ಲಿ ಬರೆಯದ ಹಾಳೆಗಳು ಬಹಳವಿದ್ದವು. ಮರುದಿನದಿಂದ ಅಲ್ಲಿ ಬೇರೊಂದು ನಕ್ಷೆ ಬರೆಯಲು ತೊಡಗಿದೆ. ನಡುವೆ ಬಿಟ್ಟುಹೋದವನು ಮತ್ತೆ ಸೇರಬೇಕಾದರೆ ಅರ್ಜಿ ಯಾರಿಗೆ, ಜೊತೆಗಿಡಬೇಕಾದ ಕಾಗದಗಳೇನು, ಶುಲ್ಕ ಎಷ್ಟು, ಯಾವ ಕಿಟಕಿಯಲ್ಲಿ ಎಷ್ಟು ಗಂಟೆಯವರೆಗೆ ತೆಗೆದುಕೊಳ್ಳುತ್ತಾರೆ, ಎಲ್ಲಿಂದ ಎಲ್ಲಿಗೆ ಕಳುಹಿಸುತ್ತಾರೆ? ಮೂರು ಸಲ ಕಚೇರಿಗೆ ಹೋಗಿ ಬರಬೇಕಾಯಿತು. ಮೊದಲ ಸಲ ಬರೆದುಕೊಂಡದ್ದರಲ್ಲಿ ಒಂದು ತಪ್ಪಿತ್ತು, ಅಳಿಸಿ ತಿದ್ದಿದೆ. ಪುಟ ಪೂರ್ತಿಯಾದ ಮೇಲೆ ಅದರ ಚಿತ್ರ ತೆಗೆದು ಅವನಿಗೆ ಕಳುಹಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬಂದಿತು: "ಎರಡನೇ ಬಾಗಿಲಲ್ಲಿ ಕೇಳೋ ಕಾಗದ ನನ್ ಹತ್ರ ಇದೆ."

ಉಪಸಂಹಾರ

ಈ ಆಟಗಳ ದೋಷಗಳನ್ನು ಮರೆಮಾಚುವ ಇಚ್ಛೆ ನನಗಿಲ್ಲ. ಇವು ಅಪಾರವಾಗಿ ಕಾಲವನ್ನು ನುಂಗುತ್ತವೆ. ಒಂದೇ ಬಗೆಯ ಯುದ್ಧವನ್ನು ನೂರು ಸಲ ಮಾಡಿಸುತ್ತವೆ. ನಾಲ್ಕನೆಯ ಸೆಮಿಸ್ಟರಿನ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ನನಗೆ ಬಂದ ಅಂಕಗಳಿಗೆ ಶನಿವಾರ ರಾತ್ರಿಗಳೂ ಒಂದಿಷ್ಟು ಹೊಣೆ. 'ಇನ್ನೊಂದೇ ಬಾಗಿಲು' ಎಂಬ ಪಿಶಾಚಿ ಆಟದೊಳಗೆ ಮಾತ್ರವೇ ಇರುವುದಿಲ್ಲ. ಆಟವನ್ನು ಮುಚ್ಚಿಟ್ಟು ಮಲಗಬೇಕಾದ ಹೊತ್ತಿನಲ್ಲಿಯೂ ಎದುರು ನಿಲ್ಲುತ್ತದೆ. ಅಲ್ಲಿ ಹಿಂದಿರುಗಲು ಕಲಿತವನು ಇಲ್ಲಿಯೂ ಕಲಿಯಬೇಕು.

ಆದರೂ ಈ ಆಟಗಳಿಂದ ಒಂದು ಮಾತನ್ನು ನಾನು ಕಲಿತೆನೆಂದು ಸಂಕೋಚವಿಲ್ಲದೆ ಹೇಳಬಲ್ಲೆ. ನೆಲಮಾಳಿಗೆಯಲ್ಲಿ ಗಳಿಸಿದ ಬಂಗಾರ ಅಲ್ಲಿಯೇ ಉಳಿಯುತ್ತದೆ. ಹೊರಕ್ಕೆ ಬರುವುದು ದಾರಿಯ ತಿಳಿವಳಿಕೆ ಒಂದೇ. ಅದನ್ನು ಒಬ್ಬನು ಇನ್ನೊಬ್ಬನಿಗೆ ಕೊಟ್ಟರೆ ಕೊಟ್ಟವನಿಗೆ ಕಡಿಮೆಯಾಗುವುದಿಲ್ಲ. ಒಳಗೆ ಬಿದ್ದವನನ್ನು ತರಲು ಹೋಗುವವನಿಗೆ ಅದಿಲ್ಲದೆ ಗತಿಯಿಲ್ಲ.

ನನ್ನ ಗೆಳೆಯ ಅರ್ಜಿ ತುಂಬಿದ್ದಾನೆ. ಬರುವ ವರ್ಷ ಅವನು ಮತ್ತೆ ಸೇರುವನೋ, ಮನೆಯ ಭಾರ ಬಿಡುವುದೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೆ ನಾನು ಹೇಳಲಾರೆ. ನಾನಂತೂ ಈ ವರ್ಷ ಕಾಲೇಜನ್ನು ಬಿಡುವವನು. ಹೋಗುವ ಮುನ್ನ ಆ ಗ್ರಾಫ್ ಪುಸ್ತಕವನ್ನು ವಿದ್ಯಾರ್ಥಿನಿಲಯದ ಓದುವ ಕೋಣೆಯ ಮೇಜಿನ ಮೇಲೆ ಇಟ್ಟುಹೋಗುತ್ತೇನೆ. ಮುಂಭಾಗದಲ್ಲಿ ವಿಶ್ವವೃಕ್ಷದ ಹನ್ನೊಂದು ಅಂತಸ್ತುಗಳಿವೆ. ಹಿಂಭಾಗದಲ್ಲಿ ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಮರುಪ್ರವೇಶ ಇವುಗಳ ದಾರಿಗಳಿವೆ. ಪೆನ್ಸಿಲಿನಲ್ಲಿಯೇ ಬರೆದಿದ್ದೇನೆ. ತಪ್ಪು ಕಂಡವರು ಅಳಿಸಿ ತಿದ್ದಬಹುದು; ಉಳಿದ ಚೌಕಗಳನ್ನು ತುಂಬಬಹುದು.